ಚುಕ್ಕಿಯ ಆಚೆ ಎರಡು ಬೆರಳು ಜಾಗ

ಚೈತ್ರಾಳ ಕಂಪ್ಯೂಟರಿಗೆ ಉಸಿರು ಬಿಡುವ ಅಭ್ಯಾಸವೇ ಇಲ್ಲ. ಒಂದು ವಾಕ್ಯ ಮುಗಿಯುವುದೇ ತಡ, ಇನ್ನೊಂದು ಬಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ, ಸಂತೆ ದಿನದ ಬಸ್ಸಿನಲ್ಲಿ ನಿಂತವರ ಹಾಗೆ. (ಚೈತ್ರಾ ನನ್ನ ಮೊಮ್ಮಗಳು. ಹೊಸನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾಳೆ. ಈಗ ನಾನು ಹೇಳುವುದನ್ನು ಟೈಪ್ ಮಾಡುತ್ತಿರುವವಳೂ ಅವಳೇ. ನಗಬೇಡ, ಬರಿ.)

ಅವಳ ಅಣ್ಣ ನಾಗೇಂದ್ರನ ಮದುವೆ ಗೊತ್ತಾಯಿತು. ಕಾರ್ಡಿನ ಮಾತನ್ನು ನಾನೇ ಹೇಳಿ ಬರೆಸಿದೆ. ನೆಂಟರ ಹೆಸರು ಹಾಕಿದರೆ ಮೇಲೆ ಯಾರು, ಕೆಳಗೆ ಯಾರು ಎಂದು ಜಗಳವಾಗುತ್ತದೆ. ಅದಕ್ಕೇ 'ಮನೆಮಂದಿಯೆಲ್ಲ ಸೇರಿ ಕರೆಯುತ್ತಿದ್ದೇವೆ' ಎಂದು ಉಪಾಯವಾಗಿ ಮುಗಿಸಿದೆ. ಉಳಿದದ್ದು ಜಾಗದ ವಿಚಾರ. ನಮ್ಮ ಮನೆಯವರು ತೀರ್ಥಹಳ್ಳಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ವಾಕ್ಯದ ಕೊನೆಯ ಚುಕ್ಕಿಯ ಪಕ್ಕ ಜಾಗಕ್ಕೆಂದು ಒಂದು ದಪ್ಪ ಸೀಸದ ತುಂಡು ಇಡದೆ ಮುಂದಿನ ಅಕ್ಷರ ಮುಟ್ಟಿದವರಲ್ಲ. ಊಟಕ್ಕೆ ಕೂತರೂ ಅದೇ. ಅನ್ನಕ್ಕೂ ಪಲ್ಯಕ್ಕೂ ನಡುವೆ ಗದ್ದೆ ಅಂಚಿನಷ್ಟು ಜಾಗ ಬೇಕು. ಸಾರು ಹರಿದು ಪಲ್ಯ ಮುಟ್ಟಿತೋ, ಎದ್ದೇ ಹೋದರು. ಇರಲಿ.

"ಚುಕ್ಕಿ ಆದ್ಮೇಲೆ ಎರಡು ಬೆರಳು ಜಾಗ ಬಿಡು," ಎಂದೆ.

"ಈಗ ಯಾರೂ ಹಂಗೆ ಬಿಡದಿಲ್ಲ ಅಜ್ಜಿ. ಒಂದು ಸ್ಪೇಸ್ ಸಾಕು."

"ನಿಮ್ಮಜ್ಜ ಬಿಡ್ತಿದ್ರು."

ಅಜ್ಜನ ಸುದ್ದಿ ಬಂತಲ್ಲ. ಸ್ಪೇಸ್ ಬಾರ್ ಒತ್ತಿ ಹಿಡಿದಳು.

ಕಾರ್ಡು ಬಂತು. ಒಳ್ಳೆ ಸಾರಿಸಿದ ಅಂಗಳದ ಹಾಗೆ ಕಂಡಿತು. ಮೊದಲ ಕಾರ್ಡು ನಿಟ್ಟೂರಿನ ನಾದಿನಿ ವಿಶಾಲಮ್ಮನಿಗೆ ಕೊಟ್ಟೆ. ಮದುಮಗನಿಗೆ ಮೊದಲ ಅರಿಶಿನ ಹಚ್ಚುವವಳು ನಮ್ಮಲ್ಲಿ ಮನೆಮಗಳೇ. ಅವಳು ಬರದಿದ್ದರೆ ಅರಿಶಿನ ಬಟ್ಟಲಲ್ಲೇ ಒಣಗಬೇಕು. ಅವಳು ಕನ್ನಡಕ ಹಾಕಿಕೊಂಡಳು. ಓದಲಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದಳು.

"ಈ ಖಾಲಿ ಇರೋ ಕಡೆ ಯಾರ ಹೆಸ್ರಿತ್ತು ಅತ್ಗೆ?"

"ಯಾರದ್ದೂ ಇಲ್ಲ ಮಾರಾಯ್ತಿ. ಅದು ಉಸಿರು ಬಿಡೋ ಜಾಗ."

"ನನ್ನ ಹೆಸ್ರು ಕಿತ್ತು ಹಾಕಿ ಉಸಿರು ಬಿಡ್ತೀರಾ? ಬಿಡಿ, ಬಿಡಿ. ಅರಿಶಿನಾನೂ ನೀವೇ ಹಚ್ಕೊಳ್ಳಿ."

ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡಿತು. ನನ್ನ ಒಡಹುಟ್ಟಿದ ತಮ್ಮ ಸುಬ್ಬಪ್ಪ ಫೋನ್ ಮಾಡಿ, ಮೊಬೈಲಿಗೆ ಬಂದ ಕಾರ್ಡಿನ ಫೋಟೋದಲ್ಲಿ ಎರಡನೇ ಚುಕ್ಕಿಯ ಪಕ್ಕ ತನ್ನ ಹೆಸರು ಅಳತೆ ಹಿಡಿದ ಹಾಗೆ ಕೂರುತ್ತದೆ, ಬೆರಳಿಟ್ಟು ನೋಡಿದ್ದೇನೆ ಎಂದ. ಭಾವಮೈದುನರು, ಓರಗಿತ್ತಿಯರು, ಎಲ್ಲರಿಗೂ ಒಂದೊಂದು ಖಾಲಿ ಜಾಗ ಸಿಕ್ಕಿತು. ಕಾರ್ಡಿನ ಕೊನೆಯಲ್ಲಿ ಸಾಲಾಗಿ ಹಾಕಿಸುತ್ತೇನೆಂದರೆ ಒಪ್ಪಲಿಲ್ಲ. ಎಲ್ಲಿಂದ ಕಿತ್ತರೋ ಅಲ್ಲೇ ಬೇಕಂತೆ.

ಮತ್ತೆ ಅಚ್ಚಾಯಿತು. 'ಮದುವೆಗೆ ಮುಂಚಿತವಾಗಿ ಬನ್ನಿ. ವಿಶಾಲಮ್ಮ. ಊಟ ಮಾಡಿಯೇ ಹೋಗಿ. ಸುಬ್ಬಪ್ಪ.' ಹೀಗೆ ಕೆಳಗಿನ ತನಕ.

ವಿಶಾಲಮ್ಮ ಹಿಂದಿನ ದಿನವೇ ಬಂದಳು, ಅರಿಶಿನದ ಬಟ್ಟಲು ತಾನೇ ಎತ್ತಿಕೊಂಡಳು. ಆಮೇಲೆ ಕಾರ್ಡನ್ನು ಸಮಾಧಾನವಾಗಿ ಓದಿ ಕೇಳಿದಳು, "ಎಲ್ಲ ಸರಿ ಅತ್ಗೆ. ನಿಮ್ಮ ಹೆಸ್ರೆಲ್ಲಿ?"

ನಾನು ಚೈತ್ರಾಳ ಮುಖ ನೋಡಿದೆ. ಅವಳು ಕಾರ್ಡಿನ ಮೂಲೆಮೂಲೆ ಹುಡುಕಿದಳು.

"ಒಂದೇ ಒಂದು ಸ್ಪೇಸ್ ಉಳಿದದೆ ಅಜ್ಜಿ. ಹೆಸರು ಹಾಕ್ಸ್ತೀಯೋ, ಉಸಿರು ಬಿಡ್ತೀಯೋ?"

ಉಸಿರು ಬಿಟ್ಟೆ.