ಬಿಲ್ಲಿನ ಬಾಯಿ ಮುಚ್ಚಿಸಲು ಹೋಗಿ

ನಾನು ಹಿಡಿದ ಕೆಲಸ ಯಾವತ್ತೂ ನನ್ನೊಬ್ಬಳದೇ ಆಗಿ ಉಳಿದಿಲ್ಲ. ಅರ್ಧ ದಾರಿಯಲ್ಲಿ ನಾಯಿ, ಎಮ್ಮೆ, ಬಸ್ಸಿನ ಕಂಡಕ್ಟರು ಎಲ್ಲರೂ ಅದರೊಳಗೆ ಬಂದು ಕೂಡುತ್ತಾರೆ.

ರಾಯಬಾಗದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಯಾರ ಕೈಯನ್ನೂ ಕಾಯದೆ ನಾನೇ ನಿಂತು ಹಾಕಿದ ಗಿರಣಿ. ಶಾಲೆಗೆ ಹೋದವಳಲ್ಲ. ಗಿರಾಕಿಗಳ ಡಬ್ಬಿಯ ಮೇಲಿನ ಹೆಸರು ಓದಲು ಹೋಗಿ ಅಕ್ಷರ ಕಲಿತೆ, ಆಮೇಲೆ ಗ್ರಂಥಾಲಯದ ಪುಸ್ತಕಗಳಿಗೆ ಕೈ ಹಾಕಿದೆ. ಹಾಗೆ ಓದುತ್ತ ಬಿಲ್ಲುಗಾರಿಕೆಯ ಪುಸ್ತಕವೊಂದು ಸಿಕ್ಕಿತು. ಅದರ ಬೆನ್ನಿಗೇ ಬಿಲ್ಲೂ ಸಿಕ್ಕಿತು. ನನ್ನ ಗಿರಾಕಿಯಾದ ಆಟದ ಮಾಸ್ತರರು ಹೊಸ ಬಿಲ್ಲು ತಂದು ಹಳೆಯ ಕಟ್ಟಿಗೆ ಬಿಲ್ಲನ್ನು ಮೂಲೆಗೆ ಇಟ್ಟಿದ್ದರು. ರಿಕರ್ವ್ ಅನ್ನುತ್ತಾರೆ, ಅದರ ಎರಡೂ ತುದಿ ಬಾಣ ಹೋಗುವ ಕಡೆಗೆ ಬಾಗಿರುತ್ತವೆ. ನನಗೆ ಕೊಡಿ ಎಂದೆ.

"ಈ ವಯಸ್ಸಿನಾಗ ಯಾತಕ ಬೇಕ್ರಿ ಇದು?" ಅಂದರು ಮಾಸ್ತರರು.

"ವಯಸ್ಸು ನಂದು ಹೇಳಾಕತ್ತೀರೋ, ಬಿಲ್ಲಿಂದೋ?" ಅಂದೆ. ಕೊಟ್ಟುಬಿಟ್ಟರು.

ಎಮ್ಮೆಯ ತಕರಾರು

ಗಿರಣಿಯ ಹಿಂದೆ ಒಂದು ಖಾಲಿ ಜಾಗ. ಪಕ್ಕದ ಮನೆಯವಳದು ಅದು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಓಣಿಗೆಲ್ಲ ಅವಳು ವೈನಿ, ನನಗೂ ವೈನಿ. ಅವಳ ಒಪ್ಪಿಗೆ ಕೇಳಿ ಜಾಗದ ತುದಿಯಲ್ಲಿ ಕಬ್ಬಿನ ಒಣ ಎಲೆಯ ರವದಿ ತುಂಬಿದ ಚೀಲಗಳನ್ನು ಗುರಿಗೆ ಇಟ್ಟೆ. ದಿನಾ ಸಂಜೆ ಗಿರಣಿ ನಿಲ್ಲಿಸಿ ಬಾಣ ಬಿಡುತ್ತಿದ್ದೆ. ಅದೇ ಹೊತ್ತಿಗೆ ಬದಿಯ ಗೋಡೆಯ ಆಚೆ ವೈನಿ ಎಮ್ಮೆ ಹಿಂಡಲು ಕೂಡುತ್ತಿದ್ದಳು.

ಬಿಲ್ಲು "ಟಣ್" ಎನ್ನುತ್ತಿತ್ತು. ಎಮ್ಮೆ ಬೆಚ್ಚಿ ಕಾಲು ಝಾಡಿಸುತ್ತಿತ್ತು. ಅದನ್ನು ಸಮಾಧಾನ ಮಾಡಲು ವೈನಿ ಒಂದು ಹಿಡಿ ಶೇಂಗಾ ಹಿಂಡಿ ತಂದು ಬಾಯಿಗೆ ಇಡುತ್ತಿದ್ದಳು. ಮತ್ತೆ ಟಣ್, ಮತ್ತೆ ಹಿಂಡಿ. ಒಂದು ವಾರ ನೋಡಿ ಸೆರಗು ಸಿಕ್ಕಿಸಿಕೊಂಡು ಬಂದಳು.

"ಅಕ್ಕಾ, ಎಮ್ಮಿ ಹಾಲು ಏರಿಸಿಕೊಂಡು ನಿಂದರತೈತಿ. ಕೆಳಗ ಇಳಸವಲ್ದು."

"ಇಡೀ ದಿವಸ ಗಿರಣಿ ಗಡಗಡ ಅಂತೈತಿ. ಅದಕ್ಕ ಏನೂ ಅನ್ನೂದಿಲ್ಲಲ್ಲ ನಿನ್ನ ಎಮ್ಮಿ?"

"ಗಿರಣಿ ಸಪ್ಪಳ ಅದಕ್ಕ ಗೊತ್ತೈತಿ. ಇದು ಯಾವುದು ಅಂತ ಗೊತ್ತಿಲ್ಲ." ನಂತರ ಮೆಲ್ಲಗೆ, ಆದರೆ ಖಚಿತವಾಗಿ ಹೇಳಿದಳು: "ಅಮಾಸಿ ಮಟಾ ನೋಡ್ತೀನಿ. ಸಪ್ಪಳ ನಿಲ್ಲಲಿಲ್ಲಂದ್ರ ಈ ಜಾಗದಾಗ ಕುಳ್ಳಿನ ಬಣವಿ ಒಟ್ಟತೀನಿ."

ಬೆರಣಿಯ ರಾಶಿ ಬಿದ್ದು ಆ ಜಾಗ ಹೋದರೆ ನನಗೆ ಬೇರೆ ಜಾಗವಿರಲಿಲ್ಲ. ರಾಯಬಾಗದಲ್ಲಿ ಉಳಿದದ್ದೆಲ್ಲ ಕಬ್ಬು. ಕಬ್ಬಿನೊಳಗೆ ಹೋದ ಬಾಣ ಕಾರ್ಖಾನೆಯಲ್ಲೇ ಸಿಗಬೇಕು. ಬಿಟ್ಟುಕೊಡುವುದು ನನ್ನ ಸ್ವಭಾವದಲ್ಲಿಲ್ಲ. ಪುಸ್ತಕ ತೆಗೆದೆ. ಹೆದೆಗೆ, ಅಂದರೆ ಬಿಲ್ಲಿನ ದಾರಕ್ಕೆ, ಮೇಲೊಂದು ಕೆಳಗೊಂದು ಮೆತ್ತನೆಯ ವಸ್ತು ಕಟ್ಟಿದರೆ ಅದರ ನಡುಕ ಇಳಿಯುತ್ತದೆ ಎಂದಿತ್ತು. ಯಾವ ವಸ್ತು ಎಂಬುದಕ್ಕೆ ಬರೆದವರು ನಾಲ್ಕೈದು ಪ್ರಾಣಿಗಳ ತುಪ್ಪಳದ ಹೆಸರು ಕೊಟ್ಟಿದ್ದರು. ಅವುಗಳಲ್ಲಿ ಒಂದೂ ನಮ್ಮ ತಾಲೂಕಿನ ಕಡೆ ಬಂದದ್ದಲ್ಲ.

ಪಂಕ್ಚರ್ ಅಂಗಡಿ

ಮೊದಲು ರಬ್ಬರು. ಹಳೆಯ ಸೈಕಲ್ ಟ್ಯೂಬು ಕೇಳಲು ಪಂಕ್ಚರ್ ಅಂಗಡಿಗೆ ಬಿಲ್ಲು ಹಿಡಿದುಕೊಂಡೇ ಹೋದೆ. ಅಂಗಡಿಯವ ಯಾವುದೋ ಗಾಲಿ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ಏನಾಗೈತ್ರಿ?"

"ಸಪ್ಪಳ ಬರಾಕತ್ತೈತಿ."

"ಎಲ್ಲಿಂದ?"

"ಅದ ಗೊತ್ತಾಗವಲ್ದು."

ಅವನು ಕೈ ಚಾಚಿ ಬಿಲ್ಲನ್ನು ತೆಗೆದುಕೊಂಡ, ತಲೆ ತಗ್ಗಿಸಿಕೊಂಡೇ ಅದರ ತುದಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಸ್ವಲ್ಪ ಹೊತ್ತು ಇಬ್ಬರೂ ನೀರು ನೋಡಿದೆವು.

"ಗುಳ್ಳಿ ಬರವಲ್ದಲ್ರೀ," ಅಂದ. "ಇದರಾಗ ಹವಾನ ಇಲ್ಲ."

ರಬ್ಬರಿನ ಪಟ್ಟಿ ಕಟ್ಟಿದ ಮೇಲೆ "ಟಣ್" ಹೋಗಿ "ಫಡ್" ಬಂತು. ವೈನಿ ಹಿಂಡಿಯ ಬುಟ್ಟಿ ಹಿಡಿದುಕೊಂಡೇ ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾ, ಮೊದಲ ಹೆದರತಿತ್ತು. ಈಗ ಸಿಟ್ಟಾಗಾಕತ್ತೈತಿ."

ನಿಪ್ಪಾಣಿಯ ಬಟ್ಟೆ

ನಿಪ್ಪಾಣಿಯಲ್ಲಿರುವ ನನ್ನ ತಂಗಿ ಸುದ್ದಿ ಕೇಳಿ ಮೆತ್ತನೆಯ ಗೋಣಿತಟ್ಟು ಕಳಿಸಿದಳು. ಊರೇ ತಂಬಾಕಿನದು, ಆ ತಟ್ಟು ಹಿಂದೆ ಯಾವುದರ ಚೀಲವಾಗಿತ್ತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹರಿದು ಎಳೆ ಎಳೆಯಾಗಿ ಹೆದೆಗೆ ಕಟ್ಟಿ ಬಾಣ ಬಿಟ್ಟೆ. ಹಳದಿ ಪುಡಿ ಭುಸ್ಸೆಂದು ಎದ್ದಿತು. ನಾನು ಸೀನಿದೆ. ಗಾಳಿ ಆ ಕಡೆಗಿತ್ತು, ವೈನಿ ಸೀನಿದಳು. ಕೊನೆಗೆ ಎಮ್ಮೆ ಸೀನಿತು, ಹಾಲಿನ ಗಿಂಡಿ ಉರುಳಿತು.

ಅವತ್ತು ಬಿಲ್ಲಿನ ಸಪ್ಪಳ ಮಾತ್ರ ಯಾರಿಗೂ ಕೇಳಿಸಲಿಲ್ಲ.

ಒಂದು ಕುರಿ ಕಡಿಮೆ

ಉಣ್ಣೆ ಒಳ್ಳೆಯದೆಂದು ಮಾಸ್ತರರು ಹೇಳಿದರು. ಊರ ಹೊರಗೆ ಕಟಾವಾದ ಹೊಲದಲ್ಲಿ ಕುರಿಹಿಂಡು ಇಳಿದಿತ್ತು. ಕುರಿಗಾರ ಮುದುಕನ ಹತ್ತಿರ ಒಂದು ಹಿಡಿ ಉಣ್ಣೆ ಕೇಳಿದೆ.

"ಯಾತಕವ್ವಾ?"

"ಬಿಲ್ಲಿಗಿ ಕಟ್ಟಾಕ."

ಮುದುಕ ಯೋಚಿಸಿದ. "ಬಿಲ್ಲಿಗಿ ಥಂಡಿ ಆಗೈತೇನು?"

ಆದರೂ ಕೊಟ್ಟ. ತೊಳೆಯುವ ತಾಳ್ಮೆ ನನಗಿರಲಿಲ್ಲ. ಎರಡು ಉಂಡೆ ಕಟ್ಟಿ, ಬಿಲ್ಲನ್ನು ಗಿರಣಿಯ ಬಾಗಿಲ ಬದಿಗೆ ತೂಗುಹಾಕಿದೆ. ಗೋಧಿ ಹಾಕಿ ತಿರುಗಿ ನೋಡಿದರೆ ಹಿಂಡಿನ ನಾಯಿ ಬಂದು ಬಿಲ್ಲಿನ ಕೆಳಗೆ ಕೂತಿದೆ. ನನ್ನ ಹಿಂದೆಯೇ ಬಂದಿರಬೇಕು. ಗಿರಾಕಿ ಬಂದರೆ ಗುರ್ ಎನ್ನುತ್ತದೆ. ನಾನು ಬಿಲ್ಲಿಗೆ ಕೈ ಹಾಕಿದರೆ ಹಲ್ಲು ತೋರಿಸುತ್ತದೆ. ಡಬ್ಬಿ ಹೊತ್ತ ಹೆಂಗಸರ ಸಾಲು ರಸ್ತೆಗೆ ಬಂತು.

ಒಬ್ಬರನ್ನು ಕಳಿಸಿ ಮುದುಕನನ್ನು ಕರೆಸಿದೆ. ಅವನು ನಾಯಿಯನ್ನು ನೋಡಿದ, ಬಿಲ್ಲನ್ನು ನೋಡಿದ.

"ಹೊಡೀಬ್ಯಾಡ್ರಿ ಅದಕ್ಕ. ಅದು ತನ್ನ ಕೆಲಸಾ ಮಾಡಾಕತ್ತೈತಿ."

"ಇದು ಬಿಲ್ಲು, ಕುರಿ ಅಲ್ಲಲ್ಲ!"

"ಬಿಲ್ಲು ನಮಗ. ಅದರ ಮೂಗಿಗಿ ಕುರೀನ," ಅಂದ ಮುದುಕ. ಕೊನೆಗೆ ನಾಯಿ ಹೊರಡಬೇಕಾದರೆ ಮುದುಕ ಬಿಲ್ಲನ್ನು ಹಿಂಡಿನ ತನಕ ಹೊತ್ತು ನಡೆಯಬೇಕಾಯಿತು. ಕುರಿಗಳ ನಡುವೆ ಅದನ್ನು ಇಟ್ಟ ಮೇಲೆ ನಾಯಿ ನಿಶ್ಚಿಂತೆಯಿಂದ ಮಲಗಿತು. ಆಗ ನಾನು ನನ್ನ ಬಿಲ್ಲನ್ನು ನಾನೇ ಕದ್ದುಕೊಂಡು ಬಂದೆ.

ಅಥಣಿಯ ಕರಕುಶಲ

ಆ ಉಣ್ಣೆಯನ್ನು ಸಾಬೂನಿನಲ್ಲಿ ತೊಳೆದು ಕಟ್ಟಿದೆ. ಗುಂಯ್ ಎನ್ನುವ ನಡುಕ ನಿಂತಿತು, ಆದರೆ ಒಂದು ಏಟಿನ ಸದ್ದು ಉಳಿಯಿತು. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಬಿಲ್ಲಿನ ಮೇಲೆಲ್ಲ ಹಿಟ್ಟು ಹಚ್ಚಿ ಬಾಣ ಬಿಟ್ಟೆ. ಬಾಗಿದ ತುದಿಗಳಲ್ಲಿ ಮಾತ್ರ ಹಿಟ್ಟು ಗೆರೆ ಬಿಟ್ಟು ಹಾರಿತ್ತು. ಹೆದೆ ವಾಪಸು ಬಂದು ಅಲ್ಲಿಯೇ ಹೊಡೆಯುತ್ತಿತ್ತು. ಸದ್ದಿನ ಮನೆ ಸಿಕ್ಕಿತೆಂದು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲ್ಲಿ ತೆಳು ಚರ್ಮ ಅಂಟಿಸಬೇಕು. ಚರ್ಮವೆಂದರೆ ಚಪ್ಪಲಿಗೆ ಹೆಸರಾದ ಅಥಣಿ.

ಬಸ್ಸಿನಲ್ಲಿ ಕಂಡಕ್ಟರು ಬಿಲ್ಲಿಗೂ ಟಿಕೆಟು ತೆಗೆಯಬೇಕೆಂದ. "ಸೀಟ್ ಕೊಟ್ರ ತಗೀತೀನಿ," ಎಂದು ಹಟ ಹಿಡಿದೆ. ಕೊನೆಗೆ ಅಥಣಿಯ ತನಕ ಬಿಲ್ಲು ಅವನ ಸೀಟಿನಲ್ಲಿ ಕೂತಿತ್ತು, ಅವನು ನಿಂತಿದ್ದ.

ಚಪ್ಪಲಿ ಮಾಡುವ ಹಿರಿಯರೊಬ್ಬರು ತುದಿಗಳನ್ನು ಅಳೆದು, "ಜೋಡಿನ ಅಲ್ರೀ?" ಎಂದು ಕೇಳಿ ಅಚ್ಚುಕಟ್ಟಾಗಿ ಎರಡು ಪದರ ಚರ್ಮ ಹೊಲಿದು ಕೊಟ್ಟರು. ನೋಡಲು ಬಲು ಚೆಂದ. ಊರಿಗೆ ಬಂದು ಹೆದೆ ಎಳೆದೆ. "ಕರ್ರ್..." ಎಂದಿತು ಬಿಲ್ಲು. ಗೋಡೆಯ ಆಚೆ ವೈನಿ ಥಟ್ಟನೆ ಎದ್ದು ತಲೆ ತುಂಬ ಸೆರಗು ಹೊದ್ದುಕೊಂಡಳು. ಮತ್ತೆ ಎಳೆದೆ. ಮತ್ತೆ ಸೆರಗು.

"ಏನಾತ ವೈನಿ?"

"ಮಾವನೋರು ಬಂದ್ರೇನು ಅಂತ ತಿಳದೆ," ಎಂದು ಪಿಸುಗುಟ್ಟಿದಳು. ಅವಳ ಮಾವನವರು ಹಾಕುವುದೂ ಅಥಣಿಯ ಕರ್ರ್ ಎನ್ನುವ ಚಪ್ಪಲಿಯೇ.

ಮರುದಿನ ಮತ್ತೆ ಅಥಣಿ. ಹಿರಿಯರಿಗೆ ನನ್ನ ದೂರು ಅರ್ಥವಾಗಲಿಲ್ಲ. "ಸಪ್ಪಳ ಬರೂ ಹಂಗ ನಾನ ಬೇಕಂತ ಮುದ್ದಾಮ್ ಮಾಡೀನ್ರಿ. ಮೂಕ ಚಪ್ಪಲಿ ಯಾರ ತಗೋತಾರ?" ಬೇಡಿಕೊಂಡ ಮೇಲೆ ಒಂದೇ ಪದರದ ಮೆತ್ತನೆಯ ಚರ್ಮ ಅಂಟಿಸಿದರು. ಬಿಲ್ಲು ಕೈಗೆ ಕೊಡುವಾಗ ಆಚೀಚೆ ನೋಡಿ ಅಂದರು: "ನಾ ಮಾಡಿದ್ದು ಅಂತ ಎಲ್ಲೂ ಹೇಳಬ್ಯಾಡ್ರಿ."

ಅಮಾವಾಸ್ಯೆಯ ಸಂಜೆ

ಮೇಲೆ ಕೆಳಗೆ ಉಣ್ಣೆ, ತುದಿಗೆ ಚರ್ಮ. ಬಾಣ ಬಿಟ್ಟೆ. ಬಿಲ್ಲು ಉಸಿರು ಬಿಟ್ಟಂತಾಯಿತು, ಅಷ್ಟೇ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಹಿಗ್ಗಿದೆ. ಹತ್ತು ಬಾಣ ಬಿಟ್ಟರೂ ಗೋಡೆಯ ಆಚೆ ಸುಮ್ಮನೆ. ಅಷ್ಟರಲ್ಲಿ ವೈನಿ ಖಾಲಿ ಗಿಂಡಿ ಹಿಡಿದು ಬಂದಳು.

"ಅಕ್ಕಾ, ಇವತ್ತ ಯಾಕ ಬಿಲ್ಲು ಹೊಡೀವಲ್ಲಿ?"

"ಆಗಿನಿಂದ ಹೊಡ್ಯಾಕತ್ತೀನಿ."

"ಕೇಳವಲ್ದಲ್ಲ."

"ಕೇಳಬಾರದು ಅಂತ ಹೇಳಿದಾಕಿ ನೀನ ಅಲ್ಲೇನು?"

ವೈನಿ ನೆಲ ನೋಡಿದಳು. "ಎಮ್ಮಿ ಹಾಲು ಇಳಸವಲ್ದು. ಈ ಕಡೆ ಮಾರಿ ಮಾಡಿ ನಿಂತೈತಿ. ಅದು ಟಣ್ ಅಂದ್ರ ಹಿಂಡಿ ಬರತೈತಿ ಅಂತ ಕಲತು ಬಿಟ್ಟೈತಿ."

"ಸಪ್ಪಳ ಇಲ್ಲದಿದ್ರೂ ಹಿಂಡಿ ಹಾಕು."

"ಹಾಕೀನಿ. ಮೂಸಿ ನೋಡಿ ಬಿಟ್ಟೈತಿ. ಟಣ್ ಅನ್ನಲಿ, ಆಮ್ಯಾಲ ತಿಂತೀನಿ ಅನ್ನೂ ಹಂಗ ನಿಂತೈತಿ."

ಗೋಡೆಯ ಮೇಲಿಂದ ನೋಡಿದೆ. ನಿಜ. ಎಮ್ಮೆ ಎರಡೂ ಕಿವಿ ನನ್ನ ಕಡೆ ತಿರುಗಿಸಿ ಕಾಯುತ್ತಿತ್ತು.

"ಆ ಉಣ್ಣಿ ಬಿಚ್ಚಿ ಹೊಡಿ ಅಕ್ಕಾ," ಅಂದಳು ವೈನಿ.

"ಅಥಣಿಗೆ ಎರಡು ಸಲ ಹೋಗಿ ಬಂದೀನಿ. ಬಿಚ್ಚೂದಿಲ್ಲ."

"ಹಂಗಾರ ನಾಳಿಂದ ಕುಳ್ಳು ಒಟ್ಟತೀನಿ," ಅಂದಳು, ಮೊದಲಿನಷ್ಟೇ ಮೆಲ್ಲಗೆ.

ನಾನೂ ಬಿಡುವವಳಲ್ಲ, ಅವಳೂ ಬಿಡುವವಳಲ್ಲ. ನಡುವೆ ನಿಂತ ಎಮ್ಮೆ ನಮ್ಮಿಬ್ಬರಿಗಿಂತ ಹಟಮಾರಿ. ಮಾಸ್ತರರ ಹತ್ತಿರ ಹೋಗಿ ಎಮ್ಮೆಗೆಂದೇ ಉಣ್ಣೆ ಕಟ್ಟದ ಇನ್ನೊಂದು ಹೆದೆ ತಂದೆ. ತುದಿಯ ಚರ್ಮವನ್ನು ಬೇಕಾದಾಗ ಹಾಕಿ ತೆಗೆಯುವಂತೆ ಟೋಪಿಯ ಹಾಗೆ ಮಾಡಿಸಿದೆ. ಈಗ ದಿನಾ ಸಂಜೆ ಮೊದಲು ಎಮ್ಮೆಯ ಹೆದೆ ಏರಿಸಿ ಟಣ್, ಟಣ್, ಟಣ್. ವೈನಿಯ ಗಿಂಡಿ ತುಂಬಿದ ಮೇಲೆ ಅದನ್ನು ಇಳಿಸಿ ನನ್ನ ಮೂಕ ಹೆದೆ ಏರಿಸುತ್ತೇನೆ. ಜಾಗ ಉಳಿದಿದೆ.

ಒಂದೇ ಸಂಕಟ. ಗುರಿಯ ನಡುವೆ ನೆಡುವ ಬಾಣಗಳೆಲ್ಲ ಎಮ್ಮೆಯ ಹೆದೆಯಿಂದ ಬಿಟ್ಟವು. ನನ್ನ ಹೆದೆಯವು ಆಚೀಚೆ ಹೋಗುತ್ತವೆ. ಮೊನ್ನೆ ವೈನಿ ಗೋಡೆಗೆ ಆತು ನಿಂತು ಬಹಳ ಹೊತ್ತು ಇದನ್ನೇ ನೋಡಿದಳು. ಕೊನೆಗೆ ಒಳಗೆ ಹೋಗಿ, ಒಂದು ಹಿಡಿ ಹಿಂಡಿ ತಂದು ಗೋಡೆಯ ಮೇಲೆ ನನ್ನ ಮುಂದೆ ಇಟ್ಟಳು.

"ನಿನಗೂ ರೂಢಿ ಆಗೈತಿ, ಅಕ್ಕಾ," ಅಂದಳು.