ಹೂಂ ಅಂದವರು ಯಾರು?

ಸಾಂಬ್ರಾಣಿ ಊರಿನ ಗೂಳಪ್ಪನಿಗೆ ಒಲಿದದ್ದು ಒಂದೇ ವಿದ್ಯೆ: ಹೂಂಗುಟ್ಟುವುದು. ಅಡಿವೆಯ್ಯನವರು ಕಣ್ಣು ಮುಚ್ಚಿ ಪುರಾಣದ ಪದ ಹೇಳುವಾಗ, ಪಕ್ಕದಲ್ಲಿ ಕೂತು ಪ್ರತಿ ಪದದ ಕೊನೆಗೆ ‘ಹೂಂ’ ಅನ್ನಬೇಕು. ಆ ಹೂಂ ಬೀಳದಿದ್ದರೆ ಅಯ್ಯನವರ ಪುರಾಣ ಎತ್ತು ಬಿಚ್ಚಿದ ಕಬ್ಬಿನ ಗಾಡಿಯಂತೆ ಅಲ್ಲೇ ನಿಂತುಬಿಡುತ್ತಿತ್ತು. ಆ ಪಕ್ಕದ ಜಾಗವನ್ನು ಗೂಳಪ್ಪ ಈತನಕ ಯಾರಿಗೂ ಬಿಟ್ಟುಕೊಟ್ಟವನಲ್ಲ.

ದಾಂಡೇಲಿಯ ಊರ ರೇಡಿಯೋಕ್ಕೆ ಹೊಸ ಟವರ್ ಬಂದಿತ್ತು. ಪೇಟೆ ದಾಟದಿದ್ದ ಅದರ ದನಿ ಇವತ್ತಿನಿಂದ ಹಳಿಯಾಳಕ್ಕೂ, ಕಾಡೊಳಗಿನ ಕುಂಬಾರವಾಡಕ್ಕೂ ಮುಟ್ಟುವುದಿತ್ತು. ಮೊದಲ ಕಾರ್ಯಕ್ರಮವೇ ಅಯ್ಯನವರ ಪುರಾಣ, ಅದೂ ನೇರಪ್ರಸಾರ. ಅವರು ಹಿಂದಿನ ದಿನವೇ ದಾಂಡೇಲಿ ಸೇರಿದ್ದರು. ತಂಗಿಯ ಮಗ ಉದಯಕುಮಾರನ ಹೊಸ ಕರೆಂಟ್ ಕಾರಿನಲ್ಲಿ ಮುಂಜಾನೆ ಹೊರಟ ಗೂಳಪ್ಪ ನೆಟ್ಟಗೆ ಹೋಗಬಾರದೇ? “ಆ ಓಣ್ಯಾಗ ಒಂದ್ ಸುತ್ತು ಹೊಡಿಯೋ, ರೇಡಿಯೋ ಹಚ್ರಿ ಅಂತ ಹೇಳಿ ಬರೂಣು” ಎಂದು ತನ್ನೂರು, ನೆರೆಯೂರು ಎಲ್ಲ ಮೆರೆದ. ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಬರುವಷ್ಟರಲ್ಲಿ ಕಾರು ಕುಂಯ್ ಎಂದಿತು.

“ಮಾವಾ, ನಿನ್ನ ಮೆರವಣಿಗೀಗೆ ಚಾರ್ಜ್ ಎಲ್ಲಾ ಹೋತು. ಇಲ್ಲೆ ಹಚ್ಚಲಿಲ್ಲಂದ್ರ ಮುಂದ ಕಾಡಿನ್ಯಾಗ ನೀನs ನೂಕಬೇಕು ನೋಡು.”

ದಾಂಡೇಲಿ ಬಸ್ಸು ಆಗಲೇ ಹೋಗಿತ್ತು. ರೇಡಿಯೋದವರು ಫೋನ್ ಎತ್ತಲಿಲ್ಲ. ದಟ್ಟ ಮಂಜು. ಹೊಸ ಚಾರ್ಜಿಂಗ್ ಸ್ಟೇಷನ್ನಿನ ಹಸಿರು ದೀಪವೊಂದೇ ಆ ಮಂಜಿನೊಳಗಿಂದ ರೆಪ್ಪೆ ಬಡಿಯದೆ ನೋಡುತ್ತಿತ್ತು. ವಯರು ಹಚ್ಚಿ ಇಬ್ಬರೂ ಪಕ್ಕದ ಸುಶೀಲವ್ವನ ಚಾದಂಗಡಿ ಮುಂದೆ ನಿಂತರು. ಹೊತ್ತಾಯಿತು. ಕಾರಿನ ರೇಡಿಯೋದಲ್ಲಿ ಅಯ್ಯನವರ ದನಿ ಎದ್ದಿತು:

ಕತ್ತಲೆಯ ಮನೆಯೊಳಗೆ ಕುಂತವರು ಯಾರಯ್ಯ
ಎತ್ತ ನೋಡಿದರು ಕಾಣರು, ಉಸಿರೊಂದು
ಹತ್ತಿರವೆ ಹಾದು ಹೋಗೂದು

ಗೂಳಪ್ಪ ತಲೆಯ ಮೇಲೆ ಕೈ ಹೊತ್ತ. “ಮುಗೀತೋ ಉದ್ಯಾ! ಹೂಂ ಅನ್ನಾಕ ನಾ ಇಲ್ಲ. ಇನ್ನ ಅಯ್ಯನೋರು ಬಾಯಿ ಬಿಡೂದಿಲ್ಲ.”

“ಹೂಂ” ಎಂದಿತು ರೇಡಿಯೋ.

ಗೂಳಪ್ಪನದೇ ಹೂಂ! ಮೂಗಿನಲ್ಲಿ ಹುಟ್ಟಿ ಎದೆಗಿಳಿಯುವ ಅದೇ ಎಳೆತ. ಅವನು ಚಹಾದ ಗ್ಲಾಸು ಹಿಡಿದೇ ಕಾರಿನ ಕಿಟಕಿಗೆ ಕಿವಿ ಹಚ್ಚಿದ.

ಸುಶೀಲವ್ವ ಸೌಟು ಹಿಡಿದೇ ಹೊರಗೆ ಬಂದಳು. “ಗೂಳಪ್ಪಣ್ಣಾ, ನಿನ್ನ ಬಾಯಿನs ನೋಡಾಕತ್ತಿದ್ನಿ. ಮುಚ್ಚಿದ್ದು ಮುಚ್ಚೇ ಇತ್ತು. ಅಲ್ಲಿ ಹೂಂ ಅನ್ನಾಂವ ಗೂಳಪ್ಪ ಆದ್ರ, ಇಲ್ಲಿ ಚಾ ಕುಡ್ಯಾಂವ ಯಾರು?”

“ನಾನs ಬೇ, ಗೂಳಪ್ಪ!”

“ಅದೆಂಗ? ನೇರಪ್ರಸಾರ ಅಂತ ಬಾಯಿ ಬಿಟ್ಟು ಹೇಳ್ಯಾರ. ರೇಡಿಯೋದೋರು ಸುಳ್ಳು ಹೇಳ್ತಾರೇನು?”

ಜನ ಕೂಡಿದರು. ಒಬ್ಬ ಬಗ್ಗಿ ಗೂಳಪ್ಪನ ಪಾದಗಳು ಯಾವ ಕಡೆ ತಿರುಗಿವೆ ಎಂದು ನೋಡಿದ. ಇನ್ನೊಬ್ಬ ನೆರಳು ಹುಡುಕಿದ. ಆ ಮಂಜಿನಲ್ಲಿ ಯಾರಿಗೂ ನೆರಳಿರಲಿಲ್ಲ. ಆದರೆ ಎಲ್ಲರಿಗೂ ಕಂಡದ್ದು ಗೂಳಪ್ಪನಿಗೆ ಇಲ್ಲದ್ದು ಮಾತ್ರ. ಸುಶೀಲವ್ವ ಅವನ ಚಹಾದ ಗ್ಲಾಸನ್ನು ಇಕ್ಕಳದಲ್ಲಿ ಹಿಡಿದು ಒಯ್ದಳು. ಚಾರ್ಜಾಗುತ್ತಲೇ ಉದಯಕುಮಾರ ವಯರು ಕಿತ್ತು, ಮಾವನ ಮುಖ ನೋಡದೆ ಹೇಳಿದ:

“ಮಾವಾ... ನೀ ಹಿಂದಿನ ಸೀಟಿನ್ಯಾಗ ಕೂಡು.”

ಕಾಡಿನ ದಾರಿಯುದ್ದಕ್ಕೂ ಪದ, ಹೂಂ, ಪದ, ಹೂಂ. ಒಂದು ಸಲವಾದರೂ ತಾನೇ ಮುಂದಾಗಬೇಕೆಂದು ಗೂಳಪ್ಪ ಬಾಯಿ ತೆರೆದ. ರೇಡಿಯೋ ಅವನಿಗಿಂತ ಮೊದಲೇ ಅಂದುಬಿಟ್ಟಿತು. ನಡುವೆ ಅಯ್ಯನವರು ಪದ ನಿಲ್ಲಿಸಿ ಕೇಳಿದರು: “ಗೂಳಪ್ಪಾ, ಥಂಡಿ ಹತ್ತಿತೇನೋ?”

“ಹೂಂ.”

ಹಿಂದಿನ ಸೀಟಿನಲ್ಲಿ ಗೂಳಪ್ಪ ಗಡಗಡ ನಡುಗುತ್ತಿದ್ದ.

ದಾಂಡೇಲಿ ಮುಟ್ಟುವಾಗ ಪುರಾಣಕ್ಕೆ ಮಂಗಳವಾಗಿತ್ತು. ರೇಡಿಯೋ ನಡೆಸುವ ರಾಜಶ್ರೀ ಮೇಡಂ ಗಾಜಿನ ಈಚೆ, ಯಂತ್ರದ ಮುಂದೆ ಕೂತಿದ್ದರು. ಗೂಳಪ್ಪ ಏದುಸಿರು ಬಿಡುತ್ತಾ ಎಲ್ಲ ಒದರತೊಡಗಿದ. ಅವರು ಪೂರ್ತಿ ಕೇಳದೆ ನಕ್ಕರು.

“ಅಂಜಬ್ಯಾಡ್ರಿ. ಹೋದ ವಾರ ನಿಮ್ಮ ಹೂಂ ರೆಕಾರ್ಡ್ ಮಾಡಿದ್ವಿಲ್ಲ? ಅದನ್ನ ಈ ಬಟನ್ನಿಗೆ ಹಾಕಿಟ್ಟೇನಿ. ನೀವು ಬರೂದು ತಡ ಆದ್ರ ಒತ್ತೂಣು ಅಂತ.”

ಹೋದ ಜೀವ ಬಂದಂತಾಯಿತು ಗೂಳಪ್ಪನಿಗೆ. “ಯವ್ವಾ ತಾಯಿ! ಭಾಳ ಛಲೋ ಒತ್ತೀರಿ ಬಿಡ್ರಿ.”

“ನಾ ಎಲ್ಲಿ ಒತ್ತಿದ್ನಿ?” ರಾಜಶ್ರೀಯವರ ನಗು ಅರ್ಧಕ್ಕೇ ನಿಂತಿತು. “ಅಯ್ಯನೋರು ಲೈಟ್ ಆರಿಸಂದಿದ್ರು, ಒಳಗ ಕತ್ತಲಿತ್ತು. ಮೊದಲನೇ ಪದಕ್ಕs ಹೂಂ ಬಂತು. ನೀವು ಬಂದು ಕುಂತೀರಿ ಅಂತ ತಿಳದು ಸುಮ್ನಾದ್ನಿ.”

ಗೂಳಪ್ಪ ಬಾಗಿಲು ತಳ್ಳಿ ಒಳಗೆ ಹೋದ. ಅಡಿವೆಯ್ಯನವರು ಒಬ್ಬರೇ ಇದ್ದರು. ಪಕ್ಕದ ಕುರ್ಚಿ ಖಾಲಿ. “ಅಯ್ಯನೋರ, ನಾ ಈಗ ಬಂದ್ನಿರಿ” ಎಂದ, ಅಳುವ ದನಿಯಲ್ಲಿ.

ಅಯ್ಯನವರು ಕಣ್ಣು ತೆರೆದು ಅವನನ್ನು ನೋಡಿದರು. ಆಮೇಲೆ ಕುರ್ಚಿಯನ್ನು ನೋಡಿ ಕೈ ಮುಗಿದರು.

“ಹಂಗಾರ ನಾಳಿಂದ ನೀ ಬರಬ್ಯಾಡೋ ಗೂಳಪ್ಪಾ. ಇಷ್ಟು ವರ್ಷ ನೀ ತೂಕಡಿಸ್ಕೋತ ಹೂಂ ಅಂದಿ, ಎಲಿ ಅಡಕಿ ಜಗಕೋತ ಹೂಂ ಅಂದಿ. ಇವತ್ತು ಕುಂತೋರು ಅರ್ಥ ತಿಳದು ಹೂಂ ಅಂದ್ರು. ಶಿವ ಯಾರನ್ನ ಕಳಿಸ್ಯಾನೋ, ಜಾಗಾ ಅವರಿಗೇ ಇರ್ಲಿ. ನೀ ಮನ್ಯಾಗ ಕುಂತು ರೇಡಿಯೋ ಕೇಳು. ತಿಳೀತಿಲ್ಲೋ?”

ಇಲ್ಲ ಎನ್ನಲು ಗೂಳಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವನ ಪರವಾಗಿ, ಅವನದೇ ದನಿಯಲ್ಲಿ, ಖಾಲಿ ಕುರ್ಚಿ ಒಪ್ಪಿಬಿಟ್ಟಿತು:

“ಹೂಂ.”