ಮರುಭೂಮಿಯ ಗಿಡಕ್ಕೆ ಮೀನಿನ ನೀರು

ಹೆಂಡತಿಯ ನೇಲ್ ಪಾಲಿಶ್ ಬಾಟಲಿಯ ತಳ ಕೆರೆದು ಕಮಲಾಕರ ಮಾಸ್ತರು ಕುಂಡದ ಗಿಡದ ಎಲೆಯ ಬೆನ್ನಿಗೆ ಹಚ್ಚಿದರು. ಒಣಗಿದ ಮೇಲೆ ಆ ಪೊರೆಯನ್ನು ಮೆಲ್ಲಗೆ ಎಬ್ಬಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲೆಯ ಮೈ ಅಚ್ಚೊತ್ತಿದಂತೆ ಕಾಣುತ್ತದೆ. ಕಂಡಿತು ಕೂಡ. ಆದರೆ ಇರಬೇಕಾದ ರೋಮ ಒಂದೂ ಇರಲಿಲ್ಲ.

ಮಾಸ್ತರು ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿ ನೋಡಿದರು. ಬೋಳೇ.

ಕುಮಟೆಯ ಕಡಲ ದಂಡೆಯಲ್ಲಿ ಕೂತು ಮರುಭೂಮಿಯ ಪೊದೆಗಳ ಮೇಲೆ ಪಿಎಚ್‌ಡಿ ಮಾಡುವುದು ಅವರ ಹಣೆಬರಹ. ಸೇರುವಾಗ ತಲೆ ತುಂಬ ಕೂದಲಿತ್ತು, ಈಗ ಅದೂ ಇಲ್ಲ. ರಾಜಸ್ಥಾನದ ಗೆಳೆಯ ಒಣ ಎಲೆಗಳನ್ನು ಅಂಚೆಯಲ್ಲಿ ಕಳಿಸುವುದು, ಇವರು ಎಲೆಯ ಮೈ ನೋಡಿ ಕುಲ ವಿಂಗಡಿಸುವುದು. ನುಣುಪು ಎಲೆಯವು ಹಳೇ ಕುಲ. ನೆಲ ಒಣಗುತ್ತ ಬಂದಂತೆ ರೋಮ ಬೆಳೆಸಿಕೊಂಡವು ಹೊಸ ಕವಲು. ಇಡೀ ಪ್ರಬಂಧ ನಿಂತದ್ದು ಇದರ ಮೇಲೆ. "ಜೀವಂತ ಗಿಡದಲ್ಲೂ ರೋಮ ತೋರಿಸು, ಆಮೇಲೆ ಸಹಿ" ಎಂದಿದ್ದರು ಗೈಡ್ ಲಿಂಗಪ್ಪನವರು. ಅದಕ್ಕೆಂದೇ ರೋಮದ ಕವಲಿನ ಬೀಜ ತರಿಸಿ ಕುಂಡದಲ್ಲಿ ಬೆಳೆಸಿದ ಗಿಡವಿದು. ಗೈಡ್ ಈ ತಿಂಗಳು ನಿವೃತ್ತರಾಗುವವರು, ಇವತ್ತು ಮಧ್ಯಾಹ್ನದ ರೈಲಿಗೇ ಬರುವವರು.

ಅಷ್ಟರಲ್ಲಿ ಪಕ್ಕದ ಮನೆಯ ಮೀನು ಮಾರುವ ಸುಕ್ರಿ ಚೊಂಬು ಹಿಡಿದು ಬಂದು ಕುಂಡಕ್ಕೆ ಏನನ್ನೋ ಸುರಿದಳು.

"ಸುಕ್ರಕ್ಕಾ! ಅದೆಂತ ಅದು?"

"ಮೀನ್ ತೊಳ್ದ ನೀರ್ರಾ ಮಾಸ್ತರ್ರೆ. ದಿನಾ ಹಾಕ್ತೆ. ನಮ್ಮ ಕರಿಬೇವಿಗೂ ಇದೇ, ಮಲ್ಲಿಗೆಗೂ ಇದೇ. ಪಾಪ, ಬಡಕಲು ಗಿಡ, ಈಗ ನೋಡಿ ಹೆಂಗೆ ಮಿಂಚ್ತದೆ!"

"ಮಿಂಚಿದ್ದೇ ತಪ್ಪಾತು ಮಾರಾಯ್ತಿ! ಬಾಯಾರಿದ್ರೆ ಮಾತ್ರ ಅದು ಮೈಮೇಲೆ ಕೂದ್ಲು ಬಿಡ್ತದೆ. ನೀನು ಹೊಟ್ಟೆ ತುಂಬ ಕುಡಿಸಿ ಬೋಳು ಮಾಡಿಟ್ಟೆ!"

ಸುಕ್ರಿಯ ಕಣ್ಣಲ್ಲಿ ನೀರಾಡಿತು. "ಅಯ್ಯೋ ದೇವ್ರೇ, ನನ್ನಿಂದ ಹಿಂಗಾತಾ?"

"ಪಾಪದವಳ ಮೇಲೆ ಎಂತಕ್ಕೆ ರೇಗೂದು?" ಒಳಗಿನಿಂದ ಹೆಂಡತಿ ಸುಪ್ರಿಯಾ ಕೂಗಿದಳು. "ನನ್ನ ನೇಲ್ ಪಾಲಿಶ್ ಖಾಲಿ ಮಾಡಿದ್ರಿ, ನಾನು ಎಂತಾದ್ರೂ ಅಂದ್ನಾ?"

ಜಗಳಕ್ಕೂ ತ್ರಾಣವಿಲ್ಲದ ಮಾಸ್ತರು ಸ್ಕೂಟರ್ ಹತ್ತಿ ಸ್ಟೇಶನ್ನಿಗೆ ಹೋದರು. ರೈಲು ತಡ. ಬಂದ ಲಿಂಗಪ್ಪನವರಿಗೆ ಹಸಿವು, ಸೆಕೆ, ಸಿಟ್ಟು.

ಮನೆಗೆ ಬಂದರೆ ಅಂಗಳದಲ್ಲಿ ಸುಕ್ರಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆ ಎಲೆಗೂ ಎಣ್ಣೆ ತಿಕ್ಕುತ್ತಿದ್ದಳು.

"ಭೃಂಗರಾಜದ ಎಣ್ಣೆ ಮಾಸ್ತರ್ರೆ, ಈಗಷ್ಟೇ ಕಾಸ್ದೆ. ಬಾಣಂತನದಲ್ಲಿ ನನ್ನ ಮಗಳ ಕೂದ್ಲೆಲ್ಲ ಉದುರಿತ್ತು, ಇದ್ರಲ್ಲೇ ಬಂದದ್ದು. ಆದ್ರೆ ಇವತ್ತೇ ಬರೂದಿಲ್ಲ ಹಾಂ, ಸ್ವಲ್ಪ ದಿನ ತಡೀಬೇಕು."

ಎಣ್ಣೆಯಲ್ಲಿ ಮಿಂದ ಗಿಡದ ಮೇಲೆ ಇನ್ನು ಯಾವ ಪಾಲಿಶ್ ನಿಲ್ಲುತ್ತದೆ? ಮಾಸ್ತರು ಅಳುವ ದನಿಯಲ್ಲಿ ಮೀನಿನ ನೀರಿನ ಕತೆ ಹೇಳಿ, ಒಳಗಿಂದ ಒಣ ಎಲೆಗಳ ಕಟ್ಟು ತಂದರು. "ಇದನ್ನಾದರೂ ನೋಡಿ ಸರ್. ಕಾಡಿನ ಹಾಗೆ ರೋಮ!"

ಲಿಂಗಪ್ಪನವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಒಂದು ಎಲೆ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು:

"ಈ ರೋಮದ ಎಲೆಗಳೆಲ್ಲ ನಿನ್ನ ಕೈಗೆ ಬಂದದ್ದು ಯಾವಾಗ?"

"ಮಳೆಗಾಲದಲ್ಲಿ ಸರ್."

"ನುಣುಪಿನವು?"

"ಅವು... ಬೇಸಿಗೆಯಲ್ಲಿ ಸರ್."

"ಇದು ರೋಮ ಅಲ್ಲ ಕಣಯ್ಯ. ಬೂಸ್ಟು."

ಮಾಸ್ತರರ ಕಣ್ಣೆದುರು ಮಳೆಗಾಲದಲ್ಲಿ ಬೂಸ್ಟು ಹಿಡಿದ ತಮ್ಮ ಚಪ್ಪಲಿ, ಬೆಲ್ಟು, ಮದುವೆಯ ಕೋಟು ಎಲ್ಲ ಹಾದುಹೋದವು. ವರ್ಷಗಟ್ಟಲೆ ತಾವು ವಿಂಗಡಿಸಿದ್ದು ಮರುಭೂಮಿಯ ಕುಲವನ್ನಲ್ಲ, ಕುಮಟೆಯ ಹವೆಯನ್ನು. ಅವರು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಸಿದರು.

"ಅಂದ್ರೆ ಆ ಗಿಡ ಹುಟ್ಟಿದ್ದೇ ಬೋಳಾ?" ಕುಂಡದ ಬಳಿ ನಿಂತಿದ್ದ ಸುಕ್ರಿ ಕೇಳಿದಳು. "ನನ್ನ ನೀರಿಂದ ಎಂತಾ ಆಗ್ಲಿಲ್ಲ?"

"ನಿಂದೇನೂ ತಪ್ಪಿಲ್ಲಮ್ಮ" ಎಂದ ಲಿಂಗಪ್ಪನವರು ಸಹಿಗೆಂದು ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿ, "ಊಟಕ್ಕೇನಿದೆ?" ಎಂದರು.

ಸುಕ್ರಿ ನೆಮ್ಮದಿಯ ಉಸಿರುಬಿಟ್ಟಳು. ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ನೋಡಿದಳು, ಮಾಸ್ತರರ ನೆತ್ತಿಯನ್ನು ನೋಡಿದಳು.

"ಕೈ ತೆಗೀರಿ ಮಾಸ್ತರ್ರೆ. ಹಾಳಾಗೂದು ಬೇಡ" ಎಂದು ಪೂರ್ತಿ ಸುರಿದು ತಟ್ಟತೊಡಗಿದಳು.

ಮಾಸ್ತರು ತಲೆಯನ್ನು ಇನ್ನಷ್ಟು ಬಗ್ಗಿಸಿಕೊಟ್ಟರು.